ಪಾಡ್‌ಕಾಸ್ಟ್ | ವೈಬ್ರೇಷನ್ ಪ್ಲೇಟ್ ಮೇಲೆ ನಿಂತರೆ ಅಜ್ಜಿಯ ಕಾಲಿಗೆ ಶಕ್ತಿ ಬರುತ್ತಾ?

ಇವತ್ತಿನ ಸಂಚಿಕೆ ಶುರುವಾಗೋದು ಒಂದು ರೀಲ್‌ನಿಂದ.

ನಮ್ಮ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಚಿಕ್ಕಪ್ಪ ಒಂದು ವಿಡಿಯೊ ಹಾಕಿದ್ರು. ಬಿಳಿ ಕೂದಲಿನ ಒಬ್ಬರು ಅಜ್ಜಿ ಟೀವಿ ಮುಂದೆ ಒಂದು ಪುಟ್ಟ ಹಲಗೆ ಥರದ ಮಷೀನ್ ಮೇಲೆ ನಿಂತಿದ್ದಾರೆ. ಮಷೀನ್ ಗಡಗಡ ನಡುಗುತ್ತಿದೆ, ಅಜ್ಜಿ ನಗುತ್ತಿದ್ದಾರೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ‘ಹತ್ತು ನಿಮಿಷ ನಿಂತರೆ ಸಾಕು, ಒಂದು ಗಂಟೆ ವಾಕಿಂಗ್‌ಗೆ ಸಮ’. ಚಿಕ್ಕಪ್ಪ ಬರೆದಿದ್ದು ಒಂದೇ ಸಾಲು: ‘ಅಮ್ಮಂಗೆ ತರಿಸೋಣ್ವಾ?’

ಅಮ್ಮ ಅಂದ್ರೆ ನನ್ನ ಅಜ್ಜಿ. ಅರಸೀಕೆರೆ ಹತ್ತಿರದ ಊರು, 76 ವರ್ಷ. ಹೋದ ಮಳೆಗಾಲದಲ್ಲಿ ರಾತ್ರಿ ಬಚ್ಚಲಿಗೆ ಹೋಗುವಾಗ ಒದ್ದೆ ಮೆಟ್ಟಿಲ ಮೇಲೆ ಜಾರಿ ಬಿದ್ದಿದ್ರು. ಮೂಳೆ ಮುರಿಯಲಿಲ್ಲ, ಪುಣ್ಯ. ಆದ್ರೆ ಬೇರೆ ಏನೋ ಮುರಿದಿತ್ತು. ಮೊದಲು ಬೆಳಗ್ಗೆ ಡೈರಿ ತನಕ ಹಾಲು ಹಾಕೋಕೆ ನಡೆದು ಹೋಗುತ್ತಿದ್ದವರು ಜಗಲಿ ದಾಟೋದು ಬಿಟ್ಟರು. ‘ಬಿದ್ರೆ ನಿಮಗೆಲ್ಲ ತೊಂದ್ರೆ ಕಣ್ ಮಗಾ’ ಅನ್ನೋರು. ಭಯಕ್ಕೆ ನಡೆಯಲ್ಲ. ನಡೆಯದೇ ಇದ್ದಿದ್ದಕ್ಕೆ ಕಾಲಿನ ಶಕ್ತಿ ಇಳಿಯುತ್ತೆ. ಶಕ್ತಿ ಇಳಿದಿದ್ದಕ್ಕೆ ಭಯ ಇನ್ನೂ ಜಾಸ್ತಿ. ನಾಲ್ಕೇ ತಿಂಗಳಲ್ಲಿ ಕುರ್ಚಿಯಿಂದ ಏಳೋಕೆ ಯಾರದ್ದಾದರೂ ಕೈ ಬೇಕಾಯ್ತು.

ನಾನು ಬೆಂಗಳೂರಲ್ಲಿ. ಕೈ ಕೊಡೋಕೆ ಅಲ್ಲಿ ಇಲ್ಲ, ಕೈಯಲ್ಲಿ ಫೋನ್ ಇದೆ. ಆರು ಕಂತಿನ ಇಎಂಐಗೆ ಮಷೀನ್ ಆರ್ಡರ್ ಮಾಡಿದೆ. ಆಮೇಲೆ ಅದರ ಬಗ್ಗೆ ಓದೋಕೆ ಕೂತೆ. ಹೌದು, ಆಮೇಲೆ. ಕ್ರಮ ಉಲ್ಟಾ ಅಂತ ಗೊತ್ತು, ನೀವು ನಗಬಹುದು.

ಈ ಮಷೀನ್ ಏನು ಮಾಡುತ್ತೆ ಅನ್ನೋದನ್ನ ಮೊದಲು ನೋಡೋಣ. ಡಾಕ್ಟರು ಮಂಡಿ ಕೆಳಗೆ ಪುಟ್ಟ ಸುತ್ತಿಗೆಯಿಂದ ಹೊಡೆದಾಗ ಕಾಲು ತಾನಾಗೇ ಒದೆಯುತ್ತಲ್ಲ, ಅದು ನೆನಪಿದ್ಯಾ? ನಮ್ಮ ಸ್ನಾಯುಗಳ ಒಳಗೆ ಎಳೆತವನ್ನ ಗುರುತಿಸುವ ಸಣ್ಣ ಸಣ್ಣ ಸೆನ್ಸರ್‌ಗಳಿವೆ. ಸ್ನಾಯು ದಿಢೀರನೆ ಎಳೆದುಕೊಂಡರೆ ಅವು ಬೆನ್ನುಹುರಿಗೆ ಸುದ್ದಿ ಕಳಿಸುತ್ತವೆ, ಅಲ್ಲಿಂದ ‘ಬಿಗಿ ಹಿಡಿ’ ಅಂತ ಆದೇಶ ಬರುತ್ತೆ. ಮಿದುಳನ್ನ ಕೇಳೋ ಮಾತೇ ಇಲ್ಲ. ಸ್ನಾಯುವಿಗೆ ಕಂಪನ ಕೊಟ್ಟರೆ ಅದು ಹೀಗೆ ತಾನಾಗಿ ಬಿಗಿಯಾಗೋದನ್ನ 1966ರಲ್ಲಿ ಸ್ವೀಡನ್ನಿನ ಎಕ್ಲುಂಡ್ ಮತ್ತು ಹಾಗ್‌ಬಾರ್ತ್ ಅನ್ನೋ ವಿಜ್ಞಾನಿಗಳು ಮನುಷ್ಯರಲ್ಲಿ ದಾಖಲಿಸಿದ್ದರು. ವೈಬ್ರೇಷನ್ ಪ್ಲೇಟ್ ಈ ಗುಣವನ್ನೇ ನೆಚ್ಚಿಕೊಂಡಿದೆ. ಪ್ಲೇಟ್ ಸೆಕೆಂಡಿಗೆ 30 ಸಲ ಅಲುಗಾಡಿದರೆ ತೊಡೆ, ಮೀನಖಂಡದ ಸ್ನಾಯುಗಳು ಅಷ್ಟೂ ಸಲ ಚೂರು ಚೂರು ಎಳೆದುಕೊಂಡು ಚೂರು ಚೂರು ಬಿಗಿಯಾಗುತ್ತವೆ. ಅಂದ್ರೆ ಕಲ್ಪನೆ ಬುರುಡೆಯಲ್ಲ. ಅದರಲ್ಲಿ ನಿಜವಾದ ಶರೀರಶಾಸ್ತ್ರ ಇದೆ.

ಆದ್ರೆ ‘ವೈಬ್ರೇಷನ್’ ಅನ್ನೋ ಒಂದೇ ಹೆಸರಲ್ಲಿ ತುಂಬಾ ಬೇರೆ ಬೇರೆ ಸಾಮಾನು ಮಾರಾಟ ಆಗುತ್ತೆ. ಪಿಯುಸಿ ಫಿಸಿಕ್ಸ್ ಸ್ವಲ್ಪ ನೆನಪು ಮಾಡ್ಕೊಳ್ಳಿ. ಪ್ಲೇಟ್ ಸೆಕೆಂಡಿಗೆ 30 ಸಲ, ಮೇಲಕ್ಕೆ ಒಂದು ಮಿಲಿಮೀಟರ್, ಕೆಳಕ್ಕೆ ಒಂದು ಮಿಲಿಮೀಟರ್ ಹೋಗುತ್ತೆ ಅಂದ್ಕೊಳ್ಳಿ. ಒಂದು ಮಿಲಿಮೀಟರ್ ಏನು ಮಹಾ ಅನ್ನಿಸುತ್ತೆ. ಲೆಕ್ಕ ಹಾಕಿದರೆ ಅದರ ಗರಿಷ್ಠ ವೇಗೋತ್ಕರ್ಷ ಗುರುತ್ವದ ಸುಮಾರು ಮೂರೂವರೆ ಪಟ್ಟು! ಆ ಮಟ್ಟದಲ್ಲಿ ಪಾದ ಪ್ಲೇಟಿನಿಂದ ಕ್ಷಣಕ್ಷಣಕ್ಕೂ ಬಿಟ್ಟು ಬಿಟ್ಟು ಬಡಿಯಬಹುದು. ವಯಸ್ಸಾದವರ ಮೂಳೆಗೆ ಅಂತ ನಡೆದ ದೊಡ್ಡ ಪ್ರಯೋಗಗಳಲ್ಲಿ ಬಳಸಿದ್ದು ಗುರುತ್ವದ 0.3ರಷ್ಟು ಮಾತ್ರ. ಅಲ್ಲಿ ಪ್ಲೇಟ್ ಅಲ್ಲಾಡೋದು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನಿಂತವರಿಗೆ ಸಣ್ಣಗೆ ಗುಂಯ್ ಅಂದ ಹಾಗಷ್ಟೇ ಇರುತ್ತೆ. ಈ ಎರಡು ಮಷೀನ್‌ಗಳ ನಡುವೆ ಹತ್ತು ಪಟ್ಟಿಗೂ ಹೆಚ್ಚು ಅಂತರ. ಒಂದರ ಮೇಲೆ ನಡೆದ ಪ್ರಯೋಗ ತೋರಿಸಿ ಇನ್ನೊಂದನ್ನ ಮಾರೋದು ಸರಿಯಲ್ಲ, ಅಲ್ವಾ? ನಾನು ತರಿಸಿದ ಡಬ್ಬಿಯ ಮೇಲೆ ‘99 ಸ್ಪೀಡ್ ಲೆವೆಲ್’ ಅಂತ ಇತ್ತು. 99 ಅಂದ್ರೆ ಎಷ್ಟು ಹರ್ಟ್ಜ್, ಎಷ್ಟು ಮಿಲಿಮೀಟರ್? ಎಲ್ಲೂ ಬರೆದಿರಲಿಲ್ಲ.

ಇಲ್ಲಿ ಒಂದು ಹಳೇ ಕಥೆ ಹೇಳಲೇಬೇಕು, ನನಗೆ ತುಂಬಾ ಇಷ್ಟ ಆಯ್ತು. ಹತ್ತೊಂಬತ್ತನೇ ಶತಮಾನದ ಕೊನೆ, ಪ್ಯಾರಿಸ್. ನರರೋಗಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಜಾಂ-ಮಾರ್ಟಿನ್ ಶಾರ್ಕೋ ಅನ್ನೋ ಡಾಕ್ಟರು. ದೂರದೂರಿಂದ ರೈಲು, ಕುದುರೆಗಾಡಿಗಳಲ್ಲಿ ಕುಲುಕಾಡಿಕೊಂಡು ಬಂದ ಪಾರ್ಕಿನ್ಸನ್ ರೋಗಿಗಳು ‘ಪ್ರಯಾಣ ಮಾಡಿದ್ಮೇಲೆ ಸ್ವಲ್ಪ ಹಗುರ’ ಅನ್ನುತ್ತಿದ್ದರಂತೆ. ಶಾರ್ಕೋ ಬಿಡಲಿಲ್ಲ, ನಡುಗುವ ಕುರ್ಚಿಯನ್ನೇ ಮಾಡಿಸಿದರು. 1892ರಲ್ಲಿ ಅದರ ಬಗ್ಗೆ ಬರೆದರು, ರೋಗಿಗಳಿಗೆ ಹಾಯೆನಿಸುತ್ತೆ ಅಂತ. ಅದಾಗಿ 120 ವರ್ಷದ ಮೇಲೆ, 2012ರಲ್ಲಿ, ಶಿಕಾಗೊದ ಸಂಶೋಧಕರು ಇದನ್ನ ಮತ್ತೆ ಪರೀಕ್ಷೆ ಮಾಡಿದರು. ಸಣ್ಣ ಅಧ್ಯಯನ, 23 ರೋಗಿಗಳು. ಒಂದು ಗುಂಪಿಗೆ ನಡುಗುವ ಕುರ್ಚಿ. ಇನ್ನೊಂದು ಗುಂಪಿಗೂ ಅಂಥದ್ದೇ ಕುರ್ಚಿ, ಹಿತವಾದ ಸದ್ದು ಕೇಳಿಸುತ್ತೆ, ಆದ್ರೆ ನಡುಕ ಇಲ್ಲ. ಒಂದು ತಿಂಗಳಾದ ಮೇಲೆ ನೋಡಿದರೆ ನಡುಕ ಸಿಕ್ಕವರ ಚಲನೆ ಸುಧಾರಿಸಿತ್ತು. ನಡುಕ ಸಿಗದೇ ಸುಮ್ಮನೆ ಕೂತವರದ್ದೂ ಸುಧಾರಿಸಿತ್ತು! ಎರಡು ಗುಂಪಿನ ಮಧ್ಯೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ.

ಶಾರ್ಕೋ ಸುಳ್ಳು ಹೇಳಿರಲಿಲ್ಲ. ಅವರ ರೋಗಿಗಳಿಗೆ ನಿಜಕ್ಕೂ ಹಾಯೆನಿಸಿತ್ತು. ಅವರು ಕೇಳದೇ ಬಿಟ್ಟಿದ್ದು ಒಂದೇ ಪ್ರಶ್ನೆ: ‘ಯಾವುದಕ್ಕೆ ಹೋಲಿಸಿದರೆ?’ ಈ ಪ್ರಶ್ನೆಯನ್ನ ಜೇಬಲ್ಲಿ ಇಟ್ಕೊಳ್ಳಿ, ಮುಂದೆ ಹೆಜ್ಜೆಹೆಜ್ಜೆಗೂ ಬೇಕಾಗುತ್ತೆ.

ಮೂಳೆಯ ವಿಷಯ ಬೇಗ ಮುಗಿಸ್ತೀನಿ. 2001ರಲ್ಲಿ ಅಮೆರಿಕದ ಕ್ಲಿಂಟನ್ ರೂಬಿನ್ ಮತ್ತು ಸಂಗಡಿಗರು ‘ನೇಚರ್’ ಪತ್ರಿಕೆಯಲ್ಲಿ ಕುರಿಗಳ ಬಗ್ಗೆ ಬರೆದರು. ಹಿಂಗಾಲನ್ನ ದಿನಕ್ಕೆ 20 ನಿಮಿಷ ಸಣ್ಣ ಕಂಪನದ ಮೇಲೆ ನಿಲ್ಲಿಸಿದರು, ಒಂದು ವರ್ಷ. ತೊಡೆಮೂಳೆಯ ಒಳಗಿನ ಜಾಲರಿಯಂಥ ಭಾಗದ ಸಾಂದ್ರತೆ 34 ಶೇಕಡಾ ಹೆಚ್ಚಾಗಿತ್ತು. ಎಲ್ಲರೂ ಬೆರಗಾದರು, ಕಂಪನಿಗಳು ಹುಟ್ಟಿಕೊಂಡವು. ಆಮೇಲೆ ಮನುಷ್ಯರ ಸರದಿ. ಟೊರಾಂಟೊದಲ್ಲಿ ಮುಟ್ಟು ನಿಂತ 202 ಮಹಿಳೆಯರು, ಒಂದು ವರ್ಷ: 2011ರ ಫಲಿತಾಂಶ, ಮೂಳೆಗೆ ಲಾಭ ಇಲ್ಲ. ಬಾಸ್ಟನ್ ಸುತ್ತಮುತ್ತ 174 ಹಿರಿಯರು, ಸರಾಸರಿ ವಯಸ್ಸು 82, ದಿನಾ ಹತ್ತು ನಿಮಿಷ, ಎರಡು ವರ್ಷ. ಅಲ್ಲಿ ಅರ್ಧ ಜನಕ್ಕೆ ಕೊಟ್ಟಿದ್ದು ನೋಡೋಕೆ ಅದೇ ಥರ ಇರೋ ಡಮ್ಮಿ ಪ್ಲೇಟ್. 2015ರ ಫಲಿತಾಂಶವೂ ಅದೇ, ಲಾಭ ಇಲ್ಲ. ಕುರಿಗೆ ಆಗಿದ್ದು ಅಜ್ಜಿಗೆ ಆಗಲಿಲ್ಲ. ಹೆಚ್ಚು ಶಕ್ತಿಯ ಪ್ಲೇಟ್ ಬಳಸಿದ ಕೆಲವು ಸಣ್ಣ ಪ್ರಯೋಗಗಳಲ್ಲಿ ಸೊಂಟದ ಮೂಳೆಗೆ ಶೇಕಡಾ ಒಂದರ ಆಸುಪಾಸು ಏರಿಕೆ ಕಂಡಿದೆ. ಅದನ್ನ ನೆಚ್ಚಿಕೊಂಡು ಆಸ್ಟಿಯೊಪೊರೋಸಿಸ್ ಮಾತ್ರೆ ಬಿಡೋ ಹಾಗಿಲ್ಲ.

ನನಗೆ ಬೇಕಾಗಿದ್ದು ಮೂಳೆಯಲ್ಲ, ಅಜ್ಜಿ ಕುರ್ಚಿಯಿಂದ ಏಳೋದು. ಅಂದ್ರೆ ಸ್ನಾಯು, ಸಮತೋಲನ, ನಡಿಗೆ. ಇಲ್ಲಿ ವಿಷಯ ನಿಜಕ್ಕೂ ಕುತೂಹಲದ್ದು.

ಬೆಲ್ಜಿಯಂನ ಲ್ಯೂವನ್ ವಿಶ್ವವಿದ್ಯಾಲಯದವರು 2004ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಮುಟ್ಟು ನಿಂತ 89 ಮಹಿಳೆಯರು, ಮೂರು ಗುಂಪು, 24 ವಾರ. ಒಂದು ಗುಂಪು ವೈಬ್ರೇಷನ್ ಪ್ಲೇಟ್, ಒಂದು ಗುಂಪು ಜಿಮ್‌ನಲ್ಲಿ ತೂಕದ ವ್ಯಾಯಾಮ, ಒಂದು ಗುಂಪು ಏನೂ ಇಲ್ಲ. ಮಂಡಿ ಚಾಚುವ ಶಕ್ತಿ ಪ್ಲೇಟ್ ಗುಂಪಿನಲ್ಲಿ ಸುಮಾರು 15 ಶೇಕಡಾ, ಜಿಮ್ ಗುಂಪಿನಲ್ಲಿ ಸುಮಾರು 18 ಶೇಕಡಾ ಹೆಚ್ಚಾಯ್ತು. ಜಾಹೀರಾತಿನವರು ಇಲ್ಲಿಗೆ ಓದೋದು ನಿಲ್ಲಿಸಿ ‘ಜಿಮ್‌ಗೆ ಸಮ!’ ಅಂತ ಪೋಸ್ಟರ್ ಮಾಡಬಹುದು. ನಾವು ಇನ್ನೊಂದು ಸಾಲು ಓದೋಣ. ಪ್ಲೇಟ್ ಮೇಲೆ ಆ ಮಹಿಳೆಯರು ಟೀವಿ ನೋಡ್ತಾ ನಿಂತಿರಲಿಲ್ಲ. ಬಸ್ಕಿ ಹೊಡೀತಾ ಇದ್ರು. ಅರ್ಧ ಬಸ್ಕಿ, ಆಳದ ಬಸ್ಕಿ, ಕಾಲು ಅಗಲಿಸಿ ಬಸ್ಕಿ, ಒಂಟಿ ಕಾಲಲ್ಲಿ ಬಸ್ಕಿ. ಹಾಗಾದ್ರೆ ಕಾಲು ಗಟ್ಟಿ ಮಾಡಿದ್ದು ಪ್ಲೇಟೋ ಬಸ್ಕಿಯೋ? ಏನೂ ಮಾಡದವರ ಜೊತೆ ಹೋಲಿಸಿದರೆ ಇದು ಗೊತ್ತಾಗಲ್ಲ. ಅದೇ ಬಸ್ಕಿಯನ್ನ ಬರೀ ನೆಲದ ಮೇಲೆ ಹೊಡೆದವರ ಜೊತೆ ಹೋಲಿಸಬೇಕು.

ಅಂಥ ಪ್ರಯೋಗವೂ ನಡೆದಿದೆ. ಜರ್ಮನಿಯಲ್ಲಿ, ತೀವ್ರ ಸಿಒಪಿಡಿ ಇರೋ, ಅಂದ್ರೆ ಶ್ವಾಸಕೋಶ ಹಾಳಾಗಿ ನಾಲ್ಕು ಹೆಜ್ಜೆಗೇ ಉಸಿರು ಕಟ್ಟುವ ರೋಗಿಗಳ ಮೇಲೆ. 2012ರಲ್ಲಿ ಪ್ರಕಟವಾಯ್ತು. ಎಲ್ಲರಿಗೂ ಮೂರು ವಾರ ಒಂದೇ ಥರದ ಪುನಶ್ಚೇತನ ಚಿಕಿತ್ಸೆ. ಒಂದು ಗುಂಪು ಬಸ್ಕಿಯನ್ನ ಪ್ಲೇಟ್ ಮೇಲೆ, ಇನ್ನೊಂದು ಗುಂಪು ನೆಲದ ಮೇಲೆ. ಆರು ನಿಮಿಷದಲ್ಲಿ ಎಷ್ಟು ದೂರ ನಡೀತಾರೆ ಅಂತ ಅಳೆದಾಗ ನೆಲದವರು ಸರಾಸರಿ 37 ಮೀಟರ್ ಸುಧಾರಿಸಿದ್ರು, ಪ್ಲೇಟಿನವರು 64 ಮೀಟರ್. ಅಂದ್ರೆ ಕಂಪನವೇ 27 ಮೀಟರ್ ಸೇರಿಸಿತು ಅನ್ನಬಹುದು. ಅಂಥ ರೋಗಿಗೆ 27 ಮೀಟರ್ ಅಂದ್ರೆ ರೂಮಿಂದ ಬಾತ್‌ರೂಮಿಗೆ ಹೋಗಿ ವಾಪಸ್ ಬರೋ ದಾರಿ. ಕಮ್ಮಿಯಲ್ಲ.

ಇನ್ನೊಂದು, ಹಾಂಗ್‌ಕಾಂಗ್‌ನದ್ದು, 2014. 60 ದಾಟಿದ 710 ಮಹಿಳೆಯರು. ವಾರಕ್ಕೆ ಐದು ದಿನ, ದಿನಕ್ಕೆ 20 ನಿಮಿಷ ಸಣ್ಣ ಕಂಪನದ ಪ್ಲೇಟ್ ಮೇಲೆ ಸುಮ್ಮನೆ ನಿಲ್ಲೋದು. ಬಸ್ಕಿ ಇಲ್ಲ, ಏನಿಲ್ಲ. 18 ತಿಂಗಳಲ್ಲಿ ಬಿದ್ದವರು ಅಥವಾ ಮೂಳೆ ಮುರಿದುಕೊಂಡವರು ಪ್ಲೇಟ್ ಗುಂಪಿನಲ್ಲಿ 18.6 ಶೇಕಡಾ, ಹೋಲಿಕೆ ಗುಂಪಿನಲ್ಲಿ 28.7 ಶೇಕಡಾ. ಇದನ್ನ ಓದಿದಾಗ ನಾನು ಕುಣಿದಾಡಿದೆ. ದುಡ್ಡು ವಸೂಲ್ ಅಂದ್ಕೊಂಡೆ! ಆಮೇಲೆ ಜೇಬಿನ ಪ್ರಶ್ನೆ ತೆಗೆದೆ. ಯಾವುದಕ್ಕೆ ಹೋಲಿಸಿದರೆ? ಹೋಲಿಕೆಯ ಗುಂಪಿಗೆ ಡಮ್ಮಿ ಪ್ಲೇಟ್ ಇರಲಿಲ್ಲ, ಅವರು ತಮ್ಮ ಪಾಡಿಗೆ ಮಾಮೂಲಿ ಜೀವನ ಮಾಡ್ತಿದ್ರು. ಪ್ಲೇಟ್ ಇದ್ದಿದ್ದು ಸಮುದಾಯ ಕೇಂದ್ರಗಳಲ್ಲಿ. ವಾರಕ್ಕೆ ಐದು ದಿನ ಮನೆಯಿಂದ ಹೊರಟು ಅಲ್ಲಿಗೆ ಹೋಗಿ, ನಾಲ್ಕು ಜನರ ಜೊತೆ ಮಾತಾಡಿ ಬರೋದೂ ಕಾಲಿಗೆ, ಮನಸ್ಸಿಗೆ ಕೆಲಸವೇ. ಲಾಭದಲ್ಲಿ ಕಂಪನದ ಪಾಲೆಷ್ಟು, ಹೋಗಿ ಬರೋದರ ಪಾಲೆಷ್ಟು? ಆ ಪ್ರಯೋಗದಿಂದ ಬಿಡಿಸಿ ಹೇಳೋಕಾಗಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಹೇಳಿಬಿಡ್ತೀನಿ. ಮಷೀನ್ ಮೋಸ ಅಲ್ಲ. ಫಿಸಿಯೊಥೆರಪಿಸ್ಟ್ ಪಕ್ಕದಲ್ಲಿದ್ದು, ಸರಿಯಾದ ಪ್ಲೇಟ್ ಇದ್ದು, ಭಾರದ ವ್ಯಾಯಾಮ ಮಾಡೋಕೆ ಆಗದವರಿಗೆ ಅದೊಂದು ಒತ್ತಾಸೆ ಆಗಬಹುದು. ಆದ್ರೆ ಅದು ಉಪ್ಪಿನಕಾಯಿ, ಊಟ ಅಲ್ಲ. ರೀಲ್ ಉಪ್ಪಿನಕಾಯಿ ತೋರಿಸಿ ‘ಊಟ ಬೇಡ’ ಅನ್ನುತ್ತೆ.

ಊಟ ಯಾವುದು ಹಾಗಾದ್ರೆ? 1990ರಲ್ಲಿ ಬಾಸ್ಟನ್ನಿನ ಡಾಕ್ಟರ್ ಮರಿಯಾ ಫಿಯಾಟರೋನ್ ಮತ್ತು ತಂಡ ಒಂದು ಧೈರ್ಯದ ಕೆಲಸ ಮಾಡಿತು. ಹಿರಿಯರ ಆರೈಕೆ ಕೇಂದ್ರದಲ್ಲಿದ್ದ ಹತ್ತು ಜನ, ಸರಾಸರಿ ವಯಸ್ಸು 90. ಅವರಿಂದ ತೊಡೆಗೆ ತೂಕದ ವ್ಯಾಯಾಮ ಮಾಡಿಸಿದರು. ಮೆತ್ತಗಿನದ್ದಲ್ಲ, ಅವರು ಎತ್ತಬಲ್ಲ ಗರಿಷ್ಠ ತೂಕದ ಶೇಕಡಾ 80ರವರೆಗೂ. ವಾರಕ್ಕೆ ಮೂರು ದಿನ, ಎಂಟು ವಾರ. ಒಂಬತ್ತು ಜನ ಪೂರ್ತಿ ಮಾಡಿದ್ರು. ಶಕ್ತಿ ಸರಾಸರಿ 174 ಶೇಕಡಾ ಏರಿತು, ಅಂದ್ರೆ ಎರಡೂವರೆ ಪಟ್ಟಿಗೂ ಮೇಲೆ! ಇಬ್ಬರು ಊರುಗೋಲು ಬಿಟ್ಟರು. ಕೈ ಊರದೆ ಕುರ್ಚಿಯಿಂದ ಏಳೋಕಾಗದೇ ಇದ್ದ ಮೂವರಲ್ಲಿ ಒಬ್ಬರು ಎದ್ದರು. ಹೋಲಿಕೆ ಗುಂಪು ಎಲ್ಲಿ ಅಂತೀರಾ? ಭೇಷ್, ಪ್ರಶ್ನೆ ಮರೆತಿಲ್ಲ ನೀವು. ಅದಕ್ಕೇ ಅವರು 1994ರಲ್ಲಿ ಮತ್ತೆ 100 ಜನರ ಮೇಲೆ, ಹೋಲಿಕೆ ಗುಂಪು ಇಟ್ಟುಕೊಂಡೇ ಮಾಡಿದರು. ಸರಾಸರಿ ವಯಸ್ಸು 87. ವ್ಯಾಯಾಮ ಮಾಡಿದವರ ಶಕ್ತಿ 113 ಶೇಕಡಾ ಏರಿತು, ಮಾಡದವರದ್ದು 3 ಶೇಕಡಾ. ನಡಿಗೆಯ ವೇಗ, ಮೆಟ್ಟಿಲು ಹತ್ತುವ ಶಕ್ತಿ ಎರಡೂ ಹೆಚ್ಚಿದವು. ಬರೀ ಪೌಷ್ಟಿಕ ಪೇಯ ಕುಡಿದವರಿಗೆ ಅಂಥ ಲಾಭ ಸಿಗಲಿಲ್ಲ. ಅಜ್ಜಿಗೆ ಹಾರ್ಲಿಕ್ಸ್ ಥರದ್ದು ತಂದುಕೊಟ್ಟು ಕರ್ತವ್ಯ ಮುಗೀತು ಅಂದುಕೊಳ್ಳೋ ನಮ್ಮಂಥ ಮೊಮ್ಮಕ್ಕಳು ಆ ಸಾಲನ್ನ ಇನ್ನೊಂದು ಸಲ ಕೇಳಿಸ್ಕೊಳ್ಳಿ.

ಬೀಳೋದರ ಬಗ್ಗೆಯೂ ಲೆಕ್ಕ ಗಟ್ಟಿಯಾಗಿದೆ. 2019ರ ಕೊಕ್ರೇನ್ ವಿಮರ್ಶೆ 108 ಪ್ರಯೋಗಗಳನ್ನ, 23 ಸಾವಿರಕ್ಕೂ ಹೆಚ್ಚು ಹಿರಿಯರನ್ನ ಒಟ್ಟಿಗೆ ನೋಡಿತು. ವ್ಯಾಯಾಮ ಬೀಳುವ ಪ್ರಮಾಣವನ್ನ 23 ಶೇಕಡಾ ಇಳಿಸುತ್ತೆ. ಅದರಲ್ಲೂ ಹೆಚ್ಚು ಪುರಾವೆ ಇರೋದು ಸಮತೋಲನ ಮತ್ತು ಏಳೋದು-ಕೂರೋದು-ಹೆಜ್ಜೆ ಇಡೋದು, ಇಂಥ ದಿನನಿತ್ಯದ ಚಲನೆಯ ವ್ಯಾಯಾಮಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಮೂರು ದಿನವಾದರೂ ಸಮತೋಲನ ಮತ್ತು ಶಕ್ತಿಯ ವ್ಯಾಯಾಮ ಬೇಕು ಅನ್ನೋದು ಸುಮ್ಮನೆ ಅಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ ಅನ್ನೋದೂ ಅದೇ ಸಂಸ್ಥೆಯ ಅಂದಾಜು.

ಇಷ್ಟು ಓದಿ ಊರಿಗೆ ಹೋದೆ. ಅಷ್ಟರಲ್ಲಿ ಮಷೀನ್ ಬಂದಿತ್ತು, ಚಿಕ್ಕಪ್ಪ ಬಿಚ್ಚಿ ಹಾಲ್‌ನಲ್ಲಿ ಇಟ್ಟಿದ್ರು. ಅಜ್ಜಿ ಗೋಡೆ ಹಿಡ್ಕೊಂಡು, ಚಿಕ್ಕಮ್ಮನ ಹೆಗಲು ಹಿಡ್ಕೊಂಡು ಹತ್ತಿದ್ರು. ಲೆವೆಲ್ ಹತ್ತಕ್ಕೆ ಇಟ್ಟ ಕೂಡಲೇ ‘ಅಯ್ಯೋ, ನಿಲ್ಸ್ರೋ, ರಾಗಿ ಮಿಲ್ಲಿನ ಮೇಲೆ ನಿಂತಂಗಾಯ್ತದೆ’ ಅಂದ್ರು. ಮಂಡಿ ನೆಟ್ಟಗೆ ಇಟ್ಟು ನಿಂತಿದ್ರು, ಅದೇ ತಪ್ಪು. ಮಂಡಿ ಸ್ವಲ್ಪ ಬಾಗಿದ್ದರೆ ಕಾಲಿನ ಸ್ನಾಯುಗಳು ಕಂಪನವನ್ನ ನುಂಗಿಕೊಳ್ಳುತ್ತವೆ. ನೆಟ್ಟಗಿದ್ದರೆ ಅದು ಸೀದಾ ಬೆನ್ನು, ಕುತ್ತಿಗೆ, ತಲೆಗೆ ಏರುತ್ತೆ. ಬೇರೆ ಕಡೆ ಇದೇ ನಡುಕವನ್ನ ಅಪಾಯ ಅಂತ ಪರಿಗಣಿಸುತ್ತಾರೆ ಗೊತ್ತಾ? ಟ್ರ್ಯಾಕ್ಟರ್, ಜೆಸಿಬಿ, ಲಾರಿ ಓಡಿಸುವವರ ಬೆನ್ನು ಉಳಿಸೋಕೆ ಐರೋಪ್ಯ ಒಕ್ಕೂಟ 2002ರಲ್ಲೇ ನಿಯಮ ಮಾಡಿ ದಿನಕ್ಕೆ ಇಷ್ಟೇ ಕಂಪನ ಅಂತ ಮಿತಿ ಹಾಕಿದೆ. ಅದು ಎಂಟು ಗಂಟೆ ಕೂತು ಕೆಲಸ ಮಾಡೋರ ಲೆಕ್ಕ, ಹತ್ತು ನಿಮಿಷದ ಪ್ಲೇಟ್‌ಗೆ ಹಾಗೇ ಅನ್ವಯಿಸಲ್ಲ. ಆದರೂ ‘ಕಂಪನ ಅಂದ್ರೆ ಒಳ್ಳೇದೇ’ ಅನ್ನೋ ಭ್ರಮೆ ಇಳಿಯೋಕೆ ಸಾಕು.

ಪೇಸ್‌ಮೇಕರ್ ಇರೋರು, ಇತ್ತೀಚೆಗೆ ಮೂಳೆ ಮುರಿದುಕೊಂಡವರು ಅಥವಾ ಆಪರೇಷನ್ ಆದವರು, ಮಂಡಿ-ಸೊಂಟದ ಕೀಲು ಬದಲಾಯಿಸಿಕೊಂಡವರು, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದವರು, ಫಿಟ್ಸ್ ಬರೋರು, ಕಣ್ಣಿನ ರೆಟಿನಾ ತೊಂದರೆ ಇರೋರು, ಕಿಡ್ನಿ ಅಥವಾ ಪಿತ್ತಕೋಶದ ಕಲ್ಲಿರೋರು ಡಾಕ್ಟರನ್ನ ಕೇಳದೇ ಇದರ ಮೇಲೆ ಹತ್ತಲೇಬಾರದು. ನಮ್ಮಜ್ಜಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಗಿ ಎರಡು ತಿಂಗಳಾಗಿತ್ತಷ್ಟೇ. ಆರ್ಡರ್ ಮಾಡುವಾಗ ನಾನು ಅದನ್ನ ಯೋಚಿಸಿಯೇ ಇರಲಿಲ್ಲ.

ಮಾರನೇ ದಿನ ತಾಲ್ಲೂಕಿನ ಒಬ್ಬರು ಫಿಸಿಯೊ ಮೇಡಂ ಹತ್ತಿರ ಕರ್ಕೊಂಡು ಹೋದ್ವಿ. ಅವರು ಮಷೀನಿನ ಫೋಟೊ ನೋಡಿ ನಕ್ಕರು, ಬೈಯಲಿಲ್ಲ. ಒಂದು ಗಟ್ಟಿ ಮರದ ಕುರ್ಚಿಯನ್ನ ಗೋಡೆಗೆ ಒತ್ತಿ ಇಟ್ಟು, ‘ಅಜ್ಜಿ, ಕೈ ಎದೆ ಮೇಲೆ ಕಟ್ಕೊಂಡು ಏಳಿ, ಕೂತ್ಕೊಳ್ಳಿ. ಮೂವತ್ತು ಸೆಕೆಂಡ್‌ನಲ್ಲಿ ಎಷ್ಟಾಗುತ್ತೋ ಅಷ್ಟು’ ಅಂದ್ರು. ಇದು ಜಗತ್ತಿನಾದ್ಯಂತ ಬಳಸೋ ಪರೀಕ್ಷೆ. 75ರಿಂದ 79 ವರ್ಷದ ಮಹಿಳೆಯರಿಗೆ ಹತ್ತಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕೆಳಗೆ, ಬೀಳುವ ಅಪಾಯ ಇದೆ ಅಂತ ಲೆಕ್ಕ. ಏಳೋಕೆ ಕೈ ಊರಲೇಬೇಕಾದರೆ ಅಂಕ ಸೊನ್ನೆ. ಅಜ್ಜಿ ಎರಡು ಸಲ ಪ್ರಯತ್ನಪಟ್ಟರು, ಕೈ ಊರಿದರು. ಸೊನ್ನೆ.

ಮೇಡಂ ಕೇಳಿದ ಮುಂದಿನ ಪ್ರಶ್ನೆ ನನಗೆ ಚುರುಕ್ ಅನ್ನಿಸಿತು. ‘ಮೊದ್ಲು ಮನೇಲಿ ದಿನಕ್ಕೆ ಎಷ್ಟು ಸಲ ನೆಲದ ಮೇಲೆ ಕೂತು ಏಳ್ತಿದ್ರಿ?’ ಅಜ್ಜಿ ಬೆರಳು ಎಣಿಸಿದ್ರು. ರಂಗೋಲಿ ಹಾಕೋಕೆ. ಈಳಿಗೆಮಣೆ ಮೇಲೆ ತರಕಾರಿ ಹೆಚ್ಚೋಕೆ. ಒಲೆ ಊದೋಕೆ. ಹಾಲು ಕರೆಯೋಕೆ. ಊಟಕ್ಕೆ. ಬಟ್ಟೆ ಒಗೆಯೋಕೆ. ಆಮೇಲೆ ನಾವು ಬಂದ್ವಿ. ಗ್ಯಾಸ್ ಕಟ್ಟೆ ಕಟ್ಟಿಸಿದ್ವಿ, ವಾಷಿಂಗ್ ಮಷೀನ್ ತಂದ್ವಿ, ಡೈನಿಂಗ್ ಟೇಬಲ್ ಹಾಕಿದ್ವಿ, ಬಿದ್ದ ಮೇಲೆ ‘ನೀನು ಏಳ್ಬೇಡ, ನಾವು ಕೊಡ್ತೀವಿ’ ಅಂದ್ವಿ. ಪ್ರೀತಿಯಿಂದಲೇ ಅವರ ದಿನದ ಒಂದೊಂದು ಬಸ್ಕಿಯನ್ನೂ ಕಿತ್ತುಕೊಂಡಿದ್ವಿ. ಬ್ರೆಜಿಲ್‌ನ ಡಾಕ್ಟರ್ ಕ್ಲಾಡಿಯೊ ಗಿಲ್ ಅರಾವುಜೊ 2012ರಲ್ಲಿ ಪ್ರಕಟಿಸಿದ ಅಧ್ಯಯನ ನೆನಪಾಯ್ತು. 51ರಿಂದ 80 ವರ್ಷದ 2,002 ಜನರನ್ನ ನೆಲದ ಮೇಲೆ ಕೂತು ಎದ್ದೇಳಿಸಿ ಅಂಕ ಕೊಟ್ಟು, ವರ್ಷಗಟ್ಟಲೆ ಗಮನಿಸಿದ್ದರು. ಕಡಿಮೆ ಅಂಕ ಬಂದವರಲ್ಲಿ ಸಾವು ಹೆಚ್ಚಿತ್ತು. ನೆಲದಿಂದ ಏಳೋಕಾಗದೇ ಇರೋದೇ ಸಾವಿಗೆ ಕಾರಣ ಅಂತಲ್ಲ, ದೇಹ ಸೋಲುತ್ತಿದೆ ಅನ್ನೋದರ ಗುರುತು ಅದು. ಹಾಗಂತ ಮಂಡಿ ಸವೆದವರನ್ನ ನಾಳೆಯಿಂದಲೇ ನೆಲಕ್ಕೆ ಕೂರಿಸಬೇಡಿ ಮತ್ತೆ!

ಮೇಡಂ ಕೊಟ್ಟ ಮದ್ದು ಇಷ್ಟೇ. ಅದೇ ಕುರ್ಚಿ ಮೇಲೆ ಜಮಖಾನವನ್ನ ದಪ್ಪ ಮಡಿಸಿ ಹಾಕಿ ಎತ್ತರ ಮಾಡೋದು. ಎತ್ತರದ ಸೀಟಿನಿಂದ ಏಳೋದು ಸುಲಭ, ಕೈ ಬೇಕಾಗಲ್ಲ. ಐದು ಸಲ ಏಳಬೇಕು, ಸುಧಾರಿಸಿಕೊಳ್ಳಬೇಕು, ಮತ್ತೆ ಐದು. ಕೂರುವಾಗ ಧೊಪ್ ಅಂತ ಬೀಳಬಾರದು, ಮೂರು ಎಣಿಸೋವಷ್ಟು ನಿಧಾನಕ್ಕೆ ಇಳಿಯಬೇಕು. ಹತ್ತು ಸುಲಭ ಆಯ್ತು ಅಂದ್ರೆ ಜಮಖಾನದ ಒಂದು ಮಡಿಕೆ ಕಮ್ಮಿ. ಬಾಸ್ಟನ್ನಿನವರು ತೂಕ ಏರಿಸಿದ್ದೂ ಇದೇ ತತ್ವದಲ್ಲಿ: ದೇಹಕ್ಕೆ ಸುಲಭ ಆದ ಕೂಡಲೇ ಸ್ವಲ್ಪ ಕಷ್ಟ ಮಾಡೋದು. ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತೋದು, ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟು ಹತ್ತು ಎಣಿಸೋವರೆಗೂ ನಿಲ್ಲೋದು. ಪಕ್ಕದಲ್ಲಿ ಒಬ್ಬರು ಇರಲೇಬೇಕು. ತಲೆಸುತ್ತು, ಎದೆನೋವು ಬಂದರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು. ವಾರಕ್ಕೆ ಮೂರು ದಿನ. ಬಿಪಿ ಮಾತ್ರೆ, ನಿದ್ದೆ ಮಾತ್ರೆಯ ಪಟ್ಟಿಯನ್ನೂ ಡಾಕ್ಟರಿಗೆ ತೋರಿಸಿ ಅಂದ್ರು, ಕೆಲವು ಮಾತ್ರೆಗಳು ರಾತ್ರಿ ಎದ್ದಾಗ ತೂರಾಡಿಸುತ್ತವೆ. ಬಚ್ಚಲ ದಾರಿಗೆ 60 ರೂಪಾಯಿಯ ಒಂದು ಬಲ್ಬು ಹಾಕಿಸಿದ್ವಿ.

ನಾನು ಮಾಡಿದ್ದು ವಿಡಿಯೊ ಕಾಲ್. ಸೋಮವಾರ, ಬುಧವಾರ, ಶುಕ್ರವಾರ ಸಂಜೆ ಏಳಕ್ಕೆ. ಫೋನನ್ನ ಕಿಟಕಿಗೆ ಒರಗಿಸಿ ಇಟ್ಟು ಚಿಕ್ಕಮ್ಮ ಪಕ್ಕ ನಿಲ್ತಾರೆ, ನಾನು ಇಲ್ಲಿಂದ ಎಣಿಸ್ತೀನಿ. ಮೊದಲ ವಾರ ಅಜ್ಜಿ ಐದಕ್ಕೆ ‘ಸಾಕು ಬಿಡು ಮಗಾ’ ಅಂದ್ರು. ಮೂರನೇ ವಾರ ಹೇಳದೇ ತಪ್ಪಿಸಿದ್ರು, ಮದುವೆ ಮನೆಗೆ ಹೋಗಿದ್ರಂತೆ. ತಪ್ಪಿಸಿದ್ದಕ್ಕೆ ನನಗೆ ಖುಷಿಯೇ ಆಯ್ತು, ಮನೆ ಬಿಟ್ಟು ಹೊರಗೆ ಹೋಗಿದ್ರಲ್ಲ! ಹನ್ನೆರಡು ವಾರಕ್ಕೆ ಜಮಖಾನ ಪೂರ್ತಿ ತೆಗೆದ್ವಿ. ಮೇಡಂ ಮತ್ತೆ ಮೂವತ್ತು ಸೆಕೆಂಡ್ ಇಟ್ಟರು. ಕೈ ಕಟ್ಟಿಕೊಂಡು ಏಳು ಸಲ. ಹತ್ತು ಆಗಲಿಲ್ಲ, ಏಳು.

ಈಗ ನೀವು ಜೇಬಿಂದ ಆ ಪ್ರಶ್ನೆ ತೆಗೆದು ನನಗೇ ಕೇಳಬೇಕು. ಯಾವುದಕ್ಕೆ ಹೋಲಿಸಿದರೆ? ಒಬ್ಬರೇ ಅಜ್ಜಿ, ಹೋಲಿಕೆ ಗುಂಪಿಲ್ಲ. ಕಣ್ಣಿನ ಪೊರೆ ಹೋಗಿ ದೃಷ್ಟಿ ಸರಿಯಾಗಿದ್ದರಿಂದಲೂ ಇರಬಹುದು. ವಾರಕ್ಕೆ ಮೂರು ಸಲ ಮೊಮ್ಮಗು ಫೋನ್ ಮಾಡಿದ್ದರಿಂದಲೂ ಇರಬಹುದು. ಮೊದಲು ನಾನು ಹದಿನೈದು ದಿನಕ್ಕೊಮ್ಮೆ ಮಾಡ್ತಿದ್ದೆ. ನನ್ನ ಕಥೆ ಪುರಾವೆ ಅಲ್ಲ, ಪುರಾವೆ ಬೇಕಿದ್ದರೆ ಮೇಲೆ ಹೇಳಿದ ನೂರೆಂಟು ಪ್ರಯೋಗಗಳಿವೆ. ಇನ್ನೊಂದು ವಿಷಯ, ಬಾಸ್ಟನ್ನಿನ ಆ ತೊಂಬತ್ತರ ಹಿರಿಯರು ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಕ್ಕೆ ಗಳಿಸಿದ್ದರಲ್ಲಿ ಎದ್ದು ಕಾಣುವಷ್ಟು ಶಕ್ತಿ ಕಳೆದುಕೊಂಡಿದ್ದರು. ಹಾಗಾಗಿ ಸೋಮವಾರ, ಬುಧವಾರ, ಶುಕ್ರವಾರದ ಕಾಲ್ ಈಗಲೂ ನಡೀತಾ ಇದೆ. ಇವತ್ತು ರೆಕಾರ್ಡಿಂಗ್ ಮುಗಿಸಿ ನಾನು ಮಾಡೋ ಮೊದಲ ಕೆಲಸ ಅದೇ.

ನಿಮ್ಮ ಮನೇಲಿ ಅಜ್ಜಿ, ತಾತ, ಅಥವಾ ಅರವತ್ತು ದಾಟಿದ ಅಪ್ಪ ಅಮ್ಮ ಇದ್ದರೆ ಈ ಭಾನುವಾರ ಒಂದು ಗಟ್ಟಿ ಕುರ್ಚಿಯನ್ನ ಗೋಡೆಗೆ ಇಟ್ಟು, ಪಕ್ಕದಲ್ಲಿ ನಿಂತು, ಫೋನಿನ ಟೈಮರ್ ಮೂವತ್ತಕ್ಕೆ ಇಟ್ಟು ಎಣಿಸಿ. ಎಷ್ಟು ಬಂತು ಅಂತ ನನಗೆ ವಾಯ್ಸ್ ನೋಟ್ ಕಳಿಸಿ. ಕೈ ಊರಿದರೆ ಸೊನ್ನೆ, ಮೋಸ ಮಾಡೋ ಹಾಗಿಲ್ಲ.

ಮಷೀನ್ ಏನಾಯ್ತು ಅಂತ ಕೇಳ್ತೀರಿ, ಗೊತ್ತು. ವಾಪಸ್ ಕೊಡೋ ಗಡುವು ಮುಗಿದಿತ್ತು. ಅಜ್ಜಿ ಅದನ್ನ ಅಟ್ಟದ ಕೆಳಗೆ ಗೋಡೆಗೆ ಸೇರಿಸಿ ಇಟ್ಟು, ಮೇಲೆ ಬಟ್ಟೆ ಹಾಸಿ, ಮಾವಿನಕಾಯಿ ಉಪ್ಪಿನಕಾಯಿ ಜಾಡಿ ಜೋಡಿಸಿದ್ದಾರೆ. ‘ಇರುವೆ ಬರಲ್ಲ, ಎತ್ತರಕ್ಕೈತೆ’ ಅಂತಾರೆ. ಇನ್ನೂ ಎರಡು ಕಂತು ಬಾಕಿ ಇದೆ.

ಮುಂದಿನ ವಾರ ಸಿಗೋಣ.